ಸಲ್ವಾದ ಹಿತ್ತಲ ಕೋಣೆಯ ಇಳಿಜಾರು

ನಾನು ಹಾಕಿದ ಕಾಂಕ್ರೀಟು ಒಡೆಯುವುದಿಲ್ಲ. ಜಂಬ ಅಂತ ಬೇಕಾದರೆ ಅಂದುಕೊಳ್ಳಿ, ನನಗೇನೂ ನಷ್ಟವಿಲ್ಲ. ಕುವೈತಿಗೆ ಬರುವ ಮೊದಲು ಊರಿನ ಮನೆಯಲ್ಲಿ ಸೌದೆ ಕೊಟ್ಟಿಗೆಯ ಬಾಗಿಲಿಗೆ ಒಂದು ಇಳಿಜಾರು ಹಾಕಿದ್ದೆ. ನಮ್ಮ ಕರಾವಳಿಯ ಮಳೆಯನ್ನು ವರ್ಷ ವರ್ಷ ಕುಡಿದೂ, ಹೋದ ರಜೆಯಲ್ಲಿ ನಾನು ನೋಡಿದಾಗ ಅದು ಹಾಗೇ ಕೂತಿತ್ತು, ಕೂದಲೆಳೆಯಷ್ಟು ಬಿರುಕಿರಲಿಲ್ಲ. ಇಲ್ಲಿ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಗೋದಾಮುಗಳೆದುರು ಲಾರಿಗಳು ಹಿಂದಕ್ಕೆ ಬಂದು ನಿಲ್ಲುವ ಜಾಗಗಳಲ್ಲಿ ನನ್ನ ಕೈಯ ಕೆಲಸ ಬೇಕಾದಷ್ಟಿದೆ, ಹೋಗಿ ನೋಡಬಹುದು. ಇಲ್ಲಿ ಒಡೆದದ್ದು ಒಂದೇ ಒಂದು ಕಡೆ. ಸಲ್ವಾದ ಒಂದು ಮನೆಯ ಹಿತ್ತಲಲ್ಲಿ, ನನ್ನ ಹೆಂಡತಿ ಮಲಗುತ್ತಿದ್ದ ಕೋಣೆಯ ಬಾಗಿಲಲ್ಲಿ.

ನಾವಿಬ್ಬರೂ ಕುವೈತಿನಲ್ಲೇ ಇದ್ದೆವು. ಊರಿಗೆ ರಜೆಯಲ್ಲಿ ಹೋದಾಗ ಚರ್ಚಿನ ಅಂಗಳದಲ್ಲಿ ಜನ, "ಗಂಡ ಹೆಂಡತಿ ಒಂದೇ ಕಡೆ ಅಲ್ವಾ, ಪುಣ್ಯವಂತರು ಮಾರಾಯ್ರೇ" ಅನ್ನುತ್ತಿದ್ದರು. ಏನು ಪುಣ್ಯವೋ! ನನ್ನದು ಕಂಪನಿ ವೀಸಾ. ಶುವೈಖಿನ ವರ್ಕ್‌ಶಾಪಿನ ಮೇಲೆ ಆರು ಮಂದಿಯ ಕೋಣೆಯಲ್ಲಿ ನನ್ನ ಮಂಚ. ಅವಳದು ಮನೆಕೆಲಸದ ವೀಸಾ. ಸಲ್ವಾದ ಆ ಮನೆಯಲ್ಲಿ ಅಡುಗೆ ಮಾಡಿಕೊಂಡು, ಹಿಂದಿನ ಅಂಗಳದ ಮೂಲೆಯಲ್ಲಿ, ನೀರಿನ ಟ್ಯಾಂಕಿನ ಪಕ್ಕ ಬೇರೆಯಾಗಿ ಕಟ್ಟಿದ ಒಂಟಿ ಕೋಣೆಯಲ್ಲಿ ಅವಳ ವಾಸ. ಹೆಂಡತಿಯನ್ನು ಫ್ಯಾಮಿಲಿ ವೀಸಾದಲ್ಲಿ ಇಟ್ಟುಕೊಳ್ಳುವಷ್ಟು ದೊಡ್ಡ ಕೆಲಸ ನನ್ನ ಇಕಾಮಾದಲ್ಲಿ, ಅಂದರೆ ಇಲ್ಲಿರಲು ಕೊಡುವ ಪರವಾನಗಿಯಲ್ಲಿ, ಬರೆದಿರಲಿಲ್ಲ. ಎರಡು ಬಸ್ಸು ಹಿಡಿದರೆ ತಲುಪುವ ದೂರದಲ್ಲಿ ಹೆಂಡತಿ ಇದ್ದಾಳೆ, ಆದರೆ ಇಲ್ಲ.

ಶುಕ್ರವಾರ ನನಗೆ ರಜೆ. ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿ, ಮಿರ್ಕಾಬಿನಲ್ಲಿ ಬಸ್ಸು ಬದಲಿಸಿ, ಸಲ್ವಾಕ್ಕೆ ಹೋಗಿ ಆ ಮನೆಯ ಹಿಂದಿನ ಗೇಟಿನ ಹೊರಗೆ ನಿಲ್ಲುತ್ತಿದ್ದೆ. ಅವಳು ಗೇಟಿನ ಒಳಗೆ ನಿಲ್ಲುತ್ತಿದ್ದಳು. ನಡುವೆ ಕಬ್ಬಿಣದ ಸರಳುಗಳು. ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು. ಮನೆಯ ಮೇಡಂ ಕೆಟ್ಟವರೇನಲ್ಲ. ಹಬ್ಬಕ್ಕೆ ನನಗೂ ಖರ್ಜೂರದ ಡಬ್ಬ ಕಳಿಸುತ್ತಿದ್ದರು. ಆದರೆ ಕೆಲಸದವಳ ಕಡೆಯ ಗಂಡಸು ಅಂಗಳದೊಳಗೆ ಬರುವ ಪದ್ಧತಿ ಆ ಮನೆಯಲ್ಲಿರಲಿಲ್ಲ, ಅವನು ಗಂಡನಾದರೂ ಸರಿಯೇ. ಎ.ಸಿ. ರಿಪೇರಿಯವನು ಬರಬಹುದು, ನೀರಿನ ಟ್ಯಾಂಕರಿನವನು ಬರಬಹುದು. ಗಂಡ ಬರಕೂಡದು. ನನಗೆ ಮೈಯೆಲ್ಲಾ ಉರಿಯುತ್ತಿತ್ತು. ಯಾರ ಮೇಲೆ ಸಿಟ್ಟು ಮಾಡುವುದು ಅಂತ ಗೊತ್ತಾಗದೆ ಬಸ್ಸಿನಲ್ಲಿ ಪಕ್ಕ ಕೂತವನ ಮೇಲೆ ರೇಗಿದ್ದೂ ಉಂಟು.

ಅವಳ ಕೋಣೆಗೆ ಒಂದು ರೋಗವಿತ್ತು. ಅಂಗಳಕ್ಕೆ ಹಳೆ ಟೈಲ್ಸಿನ ಮೇಲೆಯೇ ಹೊಸ ಟೈಲ್ಸು ಹಾಕಿಸಿ, ಅದರ ಮೇಲೆ ಇನ್ನೊಮ್ಮೆ ಹಾಕಿಸಿ, ಅಂಗಳವೆಲ್ಲ ಮೇಲೇರಿ ಕೋಣೆಯ ಹೊಸ್ತಿಲು ಕೆಳಗೆ ಉಳಿದುಹೋಗಿತ್ತು. ದಿನಾ ಅಂಗಳ ತೊಳೆದ ನೀರು ನೇರ ಅವಳ ಬಾಗಿಲಿಗೆ. ಬಾಗಿಲ ಬುಡಕ್ಕೆ ಗೋಣಿ ತುರುಕಿ, ಒಳಗೆ ಬಂದದ್ದನ್ನು ಬಟ್ಟೆಯಲ್ಲಿ ಹಿಂಡುತ್ತಿದ್ದಳು. ಕುವೈತಿನಲ್ಲಿ ಮಳೆ ವರ್ಷಕ್ಕೆ ನಾಲ್ಕಾರು ಸಲ, ಚಳಿ ಶುರುವಾಗುವಾಗ. ಬಂದರೆ ಮಾತ್ರ ನಿಂತಲ್ಲೇ ಕೆರೆ. ಹಿಂದಿನ ವರ್ಷ ಅವಳ ಹಾಸಿಗೆ ತೇಲುವುದೊಂದು ಬಾಕಿ ಇತ್ತು.

ಆ ವರ್ಷ ಸೆಕೆ ಇಳಿಯುವ ಹೊತ್ತಿಗೆ ಅವಳೇ ಮೇಡಂಗೆ ಹೇಳಿದಳು, ನನ್ನ ಗಂಡ ಮೇಸ್ತ್ರಿ, ಬಾಗಿಲಿಗೆ ಕಾಂಕ್ರೀಟು ಹಾಕಿ ನೀರು ಹೋಗಲು ದಾರಿ ಮಾಡಿಕೊಡುತ್ತಾನೆ, ಸಾಮಾನು ನಿಮ್ಮದು, ಕೈ ಅವನದು ಅಂತ. ಮೇಡಂ ಗೇಟಿನವರೆಗೆ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಲ್ಲಾ, ಜುಮ್ಮಾ ದಿನ ಬಾ" ಅಂದರು. ಗೇಟು ತೆರೆಯಿತು. ಗಂಡನಾಗಿ ಅಷ್ಟು ಸಮಯ ನಿಂತವನಿಗೆ ತೆರೆಯದ ಗೇಟು ಮೇಸ್ತ್ರಿಗೆ ಎರಡೇ ಮಾತಿನಲ್ಲಿ ತೆರೆಯಿತು.

ಮರಳು, ಜಲ್ಲಿ, ಉಪ್ಪು ಮಣ್ಣಿಗೆ ತಡೆಯುವ ಸಿಮೆಂಟು ಎಲ್ಲವನ್ನೂ ಶುವೈಖಿನಿಂದ ಪಿಕಪ್ಪಿನಲ್ಲಿ ತಂದು ಇಳಿಸಿದವನು ನನ್ನ ಗೆಳೆಯ, ನಮ್ಮೂರ ಕಡೆಯ ಬ್ಯಾರಿ, ಅಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿದ್ದಾನೆ. ಬಾಯಿ ಬಿಟ್ಟರೆ ತಮಾಷೆ. "ಎಂತ ಭಾಯಿ, ಬಾಗಿಲಿಗೆ ಇಷ್ಟು ಸಿಮೆಂಟಾ? ಊರಿಗೆ ರೋಡು ಹಾಕ್ತೀಯಾ ಇಲ್ಲಿಂದ?" ಅಂದು, ನಮಾಜಿಗೆ ಹೊತ್ತಾಯಿತೆಂದು ಓಡಿದ.

ಮೊದಲನೇ ಶುಕ್ರವಾರ ಬಾಗಿಲೆದುರಿನ ಮೂರು ಪದರ ಟೈಲ್ಸು ಒಡೆದು ತೆಗೆದೆ. ಕೆಳಗಿನ ಸಡಿಲ ಮರಳನ್ನು ಬಗೆದು, ಜಲ್ಲಿ ಮಣ್ಣು ತುಂಬಿ, ನೀರು ಚಿಮುಕಿಸಿ ದಮ್ಮಸು ಮಾಡಿದೆ. ದಾರ ಕಟ್ಟಿ ಇಳಿಜಾರು ಗುರುತಿಸಿದೆ. ಹೊಸ್ತಿಲಿನಿಂದ ಹೊರಗೆ ಒಂದೂವರೆ ಮೀಟರು, ಅದರ ತುದಿಯಲ್ಲಿ ಅಡ್ಡಕ್ಕೆ ಒಂದು ಕಾಲುವೆ, ಮೇಲೆ ಕಬ್ಬಿಣದ ಜಾಲರಿ. ಇಳಿಜಾರಿನ ನೀರೂ ಅಂಗಳದ ನೀರೂ ಆ ಕಾಲುವೆಗೆ ಬಿದ್ದು, ಅಲ್ಲಿಂದ ಪೈಪಿನಲ್ಲಿ ಟ್ಯಾಂಕಿನ ಬದಿಯ ಮೋರಿಗೆ ಹೋಗಬೇಕು. ಅವಳು ಅಡುಗೆಮನೆಯಿಂದ ಹತ್ತು ಸಲ ಹೊರಗೆ ಬಂದಳು. ಪ್ರತಿ ಸಲವೂ ಕೈಯಲ್ಲಿ ಏನಾದರೊಂದು ನೆಪ: ಚಹಾ, ನೀರು, ಬೀಸಾಕುವ ಈರುಳ್ಳಿ ಸಿಪ್ಪೆ. ಎಷ್ಟೋ ಕಾಲದ ಮೇಲೆ ಸರಳುಗಳ ಅಡ್ಡಿಯಿಲ್ಲದೆ ಅವಳ ಮುಖ ಪೂರ್ತಿ ನೋಡಿದೆ. ಕಿವಿಯ ಹತ್ತಿರ ಕೂದಲು ನೆರೆತದ್ದು ಆವತ್ತೇ ನನಗೆ ಕಂಡದ್ದು.

ತಪ್ಪು ಅಲ್ಲೇ ಆಯಿತು, ಅದೂ ನಮ್ಮೂರಿನವನೇ ಮಾಡುವ ತಪ್ಪು. ನನ್ನ ಕೈಗೆ ಗೊತ್ತಿದ್ದದ್ದು ಊರಿನ ಮಳೆ. ಸೌದೆ ಕೊಟ್ಟಿಗೆಗೆ ಕೊಟ್ಟ ಹಾಗೆ ಇಲ್ಲಿಯೂ ಒಂದೂವರೆ ಮೀಟರಿಗೆ ಪೂರ್ತಿ ಒಂದು ಗೇಣು ಇಳಿತ ಕೊಟ್ಟುಬಿಟ್ಟೆ.

"ಇಷ್ಟು ಇಳಿಜಾರು ಎಂತಕ್ಕೆ? ಇಲ್ಲಿಗೆ ನಮ್ಮೂರಿನ ಆಟಿ ಮಳೆ ಬರ್ಲಿಕ್ಕುಂಟಾ?" ಅಂದಳು ಅವಳು.

"ನೀನು ಸಾರು ನೋಡ್ಕೊ, ಇಳಿಜಾರು ನಾನು ನೋಡ್ಕೊಳ್ತೇನೆ."

ಅಷ್ಟರಲ್ಲಿ ಒಗೆದ ಬಟ್ಟೆಯ ಟ್ರಾಲಿಯನ್ನು ಬಾಗಿಲಿಗೆ ತಂದು ನಿಲ್ಲಿಸಿ ಅವಳು ಕೈ ಬಿಟ್ಟದ್ದೇ ತಡ, ಟ್ರಾಲಿ ತಾನಾಗಿ ಹೊರಟಿತು. ದಡದಡ ಇಳಿದು, ಎದುರಿನ ಟೈಲ್ಸಿನ ಅಂಚಿಗೆ ಬಡಿದು ಮಗುಚಿತು. ಆ ಮನೆಯ ಗಂಡಸರ ಬಿಳಿ ನಿಲುವಂಗಿಗಳೆಲ್ಲ ಒದ್ದೆ ಮಣ್ಣಿನಲ್ಲಿ! ಮೇಡಂ ಓಡಿ ಬಂದರು. ಅರಬಿಯಲ್ಲಿ ಏನೇನೋ ಅಂದರು. ನನಗೆ ತಿಳಿದದ್ದು ಇಷ್ಟು: ಇದು ಬೇಡ, ತೆಗಿ, ಮುಂದಿನ ವಾರ ಬಂದು ಸರಿ ಮಾಡು. ನನ್ನ ಮುಖ ಸಪ್ಪಗಾಯಿತು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಬಸ್ಸಿನಲ್ಲಿ ಕೂತಾಗ ಮೇಡಂ ಹೇಳಿದ ಮಾತು ಇನ್ನೊಂದು ರೀತಿಯಲ್ಲಿ ಕೇಳಿಸಿತು. ಮುಂದಿನ ವಾರ ಬಾ. ಅಂದರೆ ಇನ್ನೊಂದು ಶುಕ್ರವಾರ, ಇಡೀ ದಿನ, ಗೇಟಿನ ಒಳಗೆ. ಅಯ್ಯೋ, ತಪ್ಪು ಮಾಡಿದರೆ ಇದು ಸಿಗುವುದಾದರೆ!

ಎರಡನೇ ಶುಕ್ರವಾರ ಇಳಿತವನ್ನು ಮೀಟರಿಗೆ ಎರಡು ಬೆರಳಿಗೆ ಇಳಿಸಿದೆ. ಅಷ್ಟಿದ್ದರೆ ನೀರೂ ನಿಲ್ಲುವುದಿಲ್ಲ, ಟ್ರಾಲಿಯೂ ಓಡುವುದಿಲ್ಲ. ಆವತ್ತೇ ಮಧ್ಯಾಹ್ನದೊಳಗೆ ಕಾಂಕ್ರೀಟು ಸುರಿಯಬಹುದಿತ್ತು. ಸುರಿಯಲಿಲ್ಲ. ಮಣ್ಣು ಕೂರಬೇಕು ಅಂದೆ. ಮೂರನೇ ಶುಕ್ರವಾರ ಕಬ್ಬಿಣದ ಜಾಲರಿಯ ಕಣ್ಣು ದೊಡ್ಡದಾಯಿತು, ಬದಲಿಸಿ ತರಬೇಕು ಅಂದೆ. ಜಾಲರಿ ಸರಿಯಾಗಿಯೇ ಇತ್ತು. ಕಾಲುವೆಯ ಪೈಪನ್ನು ಮೋರಿಗೆ ಸೇರಿಸದೆ ಹಾಗೇ ಬಿಟ್ಟು, ಗುಂಡಿಯ ಅಂಚಿನಲ್ಲಿ ಕೂತು ಅವಳು ತಂದ ಮೀನು ಸಾರಿನ ಅನ್ನ ಉಂಡೆ. ಅವಳು ಮಗುಚಿದ ಬಕೆಟಿನ ಮೇಲೆ ಕೂತು, ಊರಿನಲ್ಲಿ ನನ್ನ ಅಕ್ಕನ ಮನೆಯಲ್ಲಿದ್ದ ಮಗಳಿಗೆ ಫೋನು ಹಚ್ಚಿ, ನಮ್ಮಿಬ್ಬರನ್ನೂ ಒಟ್ಟಿಗೆ ತೋರಿಸಿದಳು. "ಇದ್ಯಾವ ಹೋಟೆಲು?" ಅಂತ ಮಗಳು ನಕ್ಕಳು. ನನಗೆ ಅಷ್ಟು ಖುಷಿಯಾದ ದಿನ ಕುವೈತಿನಲ್ಲಿ ಇನ್ನೊಂದಿಲ್ಲ.

ಅದಾಗಿ ಬುಧವಾರ ಮಳೆ ಬಂತು. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗಲೇ ಶುವೈಖಿನ ರಸ್ತೆ ಮುಳುಗಿತ್ತು. ಅವಳ ಫೋನು ಬಂತು. ಮೊದಲು ಬರೀ ನೀರು ಗೋರಿ ಚೆಲ್ಲುವ ಶಬ್ದ. ಆಮೇಲೆ, "ಒಳಗೆ ಬಂತು" ಅಂದಳು. ರಜೆ ಕೇಳಿದರೆ ಕೊಡುವ ಕಂಪನಿ ಅಲ್ಲ ನಮ್ಮದು. ಎರಡು ದಿನ ನಾನು ಏನು ಉಂಡೆ, ಏನು ಕೆಲಸ ಮಾಡಿದೆ, ನೆನಪಿಲ್ಲ.

ಶುಕ್ರವಾರ ಹೋದಾಗ ಹಾಸಿಗೆಯನ್ನು ಗೋಡೆಗೆ ಒರಗಿಸಿದ್ದಳು. ನಾನು ತೋಡಿಟ್ಟ ಗುಂಡಿಯಲ್ಲಿ ಇನ್ನೂ ಕೆಸರು ನೀರು. ಅಂಗಳದ ನೀರೆಲ್ಲ ಅದಕ್ಕೆ ಇಳಿದು, ಹೋಗಲು ದಾರಿಯಿಲ್ಲದೆ ತುಂಬಿ, ಕೋಣೆಯೊಳಗೆ ನುಗ್ಗಿತ್ತು. ಗುಂಡಿ ತೋಡದೆ ಇದ್ದಿದ್ದರೆ ಅಷ್ಟು ನುಗ್ಗುತ್ತಿರಲಿಲ್ಲ. ಮಂಚದ ಕೆಳಗಿನ ಸೂಟ್‌ಕೇಸಿನಲ್ಲಿ ಮಗಳ ಮದುವೆಗೆಂದು ಒಂದೊಂದೇ ಕೂಡಿಸಿಟ್ಟ ಸೀರೆಗಳಿದ್ದವು. ಕೆಂಪು ಸೀರೆಯ ಬಣ್ಣ ಬಿಟ್ಟು, ಬಿಳಿ ಸೀರೆಗೆ ಉದ್ದಕ್ಕೂ ಹತ್ತಿತ್ತು. ಅದನ್ನು ಹಗ್ಗದ ಮೇಲೆ ಒಣಗಲು ಹಾಕಿದ್ದಳು.

ನಮ್ಮ ಮನೆಮಾತು ಕೊಂಕಣಿ. ಸಿಟ್ಟು ಬಂದಾಗ ಮಾತ್ರ ಅವಳು ಕನ್ನಡಕ್ಕೆ ಇಳಿಯುತ್ತಾಳೆ, ಟೀಚರಾಗಬೇಕೆಂದು ಓದಿದ್ದವಳು. ಆವತ್ತು ಕನ್ನಡ ಬಂತು.

"ನನಗೆ ಗೊತ್ತಿಲ್ಲ ಅಂತ ಮಾಡಿದ್ರಾ? ಜಾಲರಿ ಸರಿ ಇತ್ತು. ಮಣ್ಣು ಕೂತಿತ್ತು. ನೀವೇ ಕೂತಿದ್ದು, ಕೆಲಸ ಮಾಡದೆ!"

"ಬರ್ಲಿಕ್ಕೆ ಬೇರೆ ದಾರಿ ಇರ್ಲಿಲ್ಲ, ಮಾರಾಯ್ತಿ."

"ಆಸೆ ಆದ್ರೆ ಬನ್ನಿ, ಗೇಟಿನ ಹೊರಗೆ ನಿಲ್ಲಿ. ನಾನೂ ನಿಲ್ತೇನೆ. ನಿಲ್ಲುದಿಲ್ಲ ಅಂತ ಹೇಳಿದ್ದೇನಾ ಯಾವತ್ತಾದ್ರೂ? ಆದ್ರೆ ಕೆಲಸ ಹಾಳು ಮಾಡ್ಬೇಡಿ. ಕೆಲಸ ಹಾಳು ಮಾಡುವ ಗಂಡ ನನಗೆ ಬೇಡ."

ನಾಚಿಕೆಯಿಂದ ನೆಲಕ್ಕಿಳಿದುಹೋದೆ. ಗುಂಡಿಯ ನೀರು ಎತ್ತಿ ಹಾಕಿ, ಕೆಸರು ಬಗೆದು, ಮತ್ತೆ ಜಲ್ಲಿ ತುಂಬಿ ದಮ್ಮಸು ಮಾಡಿದೆ. ಪೈಪನ್ನು ಮೋರಿಗೆ ಸೇರಿಸಿ ಒಂದು ಬಕೆಟು ನೀರು ಸುರಿದು ಹರಿಯುವುದನ್ನು ನೋಡಿದೆ. ಪ್ಲಾಸ್ಟಿಕ್ ಹಾಳೆ ಹಾಸಿ, ಕಾಂಕ್ರೀಟಿನೊಳಗೆ ಹೋಗುವ ಕಬ್ಬಿಣದ ಬಲೆಯನ್ನು ನೆಲಕ್ಕೆ ತಾಗದಂತೆ ಸಿಮೆಂಟಿನ ಬಿಲ್ಲೆಗಳ ಮೇಲೆ ಕೂರಿಸಿದೆ. ಗೋಡೆಗೂ ಕಾಂಕ್ರೀಟಿಗೂ ನಡುವೆ ಒಂದು ಬೆರಳು ಥರ್ಮೋಕೋಲ್ ಇಟ್ಟೆ, ಬಿಸಿಲಿಗೆ ಹಿಗ್ಗಿದರೆ ಗೋಡೆಯನ್ನು ತಳ್ಳಬಾರದಲ್ಲ. ಕಾಂಕ್ರೀಟನ್ನು ಹೊಸ್ತಿಲಿಗಿಂತ ಒಂದಿಂಚು ಕೆಳಗೇ ನಿಲ್ಲಿಸಿದೆ. ಗಟ್ಟಿಯಾಗಿ ಕಲಸಿದೆ, ನೀರು ಹೆಚ್ಚು ಮಾಡಲಿಲ್ಲ. ಒಬ್ಬನೇ ಸುರಿದು, ಕುಟ್ಟಿ, ಪಟ್ಟಿ ಎಳೆದು ಮಟ್ಟ ಮಾಡಿ ಎದ್ದಾಗ ಬೆನ್ನು ನೆಟ್ಟಗಾಗಲಿಲ್ಲ.

ಮೇಲ್ಮೈ ಸ್ವಲ್ಪ ಬಿಗಿಯಾದ ಮೇಲೆ, ಕಾಲು ಜಾರದಂತೆ ಪೊರಕೆಯಿಂದ ಗೀರು ಎಳೆಯಬೇಕು. ಪೊರಕೆ ಹುಡುಕುತ್ತಿದ್ದೆ. ಅವಳೇ ತಂದಳು. ನನ್ನ ಕೈಗೆ ಕೊಡದೆ, ತಾನೇ ಬಗ್ಗಿ, ಬಾಗಿಲಿನ ಕಡೆಯಿಂದ ಅಡ್ಡಡ್ಡ ಎಳೆಯುತ್ತಾ ಹಿಂದೆ ಹಿಂದೆ ಬಂದಳು. ಗೀರುಗಳು ಅಷ್ಟೊಂದು ನೇರವಿರಲಿಲ್ಲ. ನಾನು ತಿದ್ದಲಿಲ್ಲ.

ಕಾಂಕ್ರೀಟು ಹಾಕಿದ ಮೇಲೆ ಏಳು ದಿನ ಒಣಗಲು ಬಿಡಬಾರದು, ಒದ್ದೆ ಗೋಣಿ ಹೊದಿಸಿ ನೀರು ಕುಡಿಸುತ್ತಲೇ ಇರಬೇಕು. ಈ ಮರಳುಗಾಡಿನ ಗಾಳಿಗೆ ಬಿಟ್ಟರೆ ಮೇಲಿಂದಲೇ ಸೀಳುತ್ತದೆ. ಮೇಡಂ ಕೇಳಿದರು, ನೀರು ತಾನೇ, ಇವಳು ಹಾಕಿದರೆ ಸಾಲದೇ ಅಂತ. ನಾನು ತಲೆ ಬಗ್ಗಿಸಿ ನಿಂತಿದ್ದೆ. ಸುಳ್ಳು ಹೇಳುವ ಮುಖ ನನಗೆ ಉಳಿದಿರಲಿಲ್ಲ. ಆಗ ನನ್ನ ಹೆಂಡತಿ, ಬೆಳಿಗ್ಗೆ ನನ್ನನ್ನು ಕನ್ನಡದಲ್ಲಿ ತೊಳೆದವಳು, ಅರಬಿಯಲ್ಲಿ ಶಾಂತವಾಗಿ ಏನೋ ಹೇಳಿದಳು. ಮೇಡಂ ತಲೆಯಾಡಿಸಿ ಒಳಗೆ ಹೋದರು.

"ಎಂತ ಹೇಳಿದ್ದು?"

"ಹಾಕಿದ ಕೈಯೇ ನೀರು ಹಾಕ್ಬೇಕು, ಇಲ್ಲದಿದ್ರೆ ಕೆಡ್ತದೆ ಅಂತ."

"ಸುಳ್ಳಲ್ವಾ?"

"ಕೆಲಸ ಹಾಳಾಗ್ಲಿಲ್ಲ ಅಲ್ವಾ, ಸುಮ್ಮನಿರಿ."

ಏಳು ಸಂಜೆ. ನಾಲ್ಕಕ್ಕೆ ಶುವೈಖಿನಲ್ಲಿ ಕೆಲಸ ಬಿಟ್ಟು, ಬೆವರಿನಲ್ಲೇ ಬಸ್ಸು ಹತ್ತಿ, ಮಿರ್ಕಾಬಿನಲ್ಲಿ ಇಳಿದು ಇನ್ನೊಂದಕ್ಕೆ ಓಡಿ, ಸಲ್ವಾ ಮುಟ್ಟುವಾಗ ಮಸೀದಿಗಳಲ್ಲಿ ಸಂಜೆಯ ಬಾಂಗ್ ಆಗುತ್ತಿತ್ತು. ಗೋಣಿ ಒದ್ದೆ ಮಾಡಲು ಎಷ್ಟು ಹೊತ್ತು ಬೇಕು? ನಾನು ಲೋಟದಲ್ಲಿ ನೀರು ಹಾಕುತ್ತಿದ್ದೆ. ಅವಳು ಹೊಸ್ತಿಲ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಾ ಆ ದಿನದ್ದೆಲ್ಲ ಹೇಳುತ್ತಿದ್ದಳು. ಮದುವೆಯಾದ ಹೊಸತರಲ್ಲಿಯೂ ನಾವು ಅಷ್ಟು ಮಾತಾಡಿರಲಿಲ್ಲ. ಏಳನೇ ಸಂಜೆ ಅವಳು ಚಪ್ಪಲಿ ಬಿಟ್ಟು ತಂಪು ಗೋಣಿಯ ಮೇಲೆ ಎರಡೂ ಪಾದ ಇಟ್ಟು ಕೂತಳು. ನಾಳೆಯಿಂದ ನಾನು ಬರುವಂತಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಮೇಡಂ ಬಂದು ನೋಡಿ, "ಖಲಾಸ್?" ಅಂತ ಕೇಳಿದರು. "ಖಲಾಸ್" ಅಂದೆ.

ಎರಡು ವಾರ ಬಿಟ್ಟು ದೊಡ್ಡ ಮಳೆಯೇ ಬಂತು. ಅವಳು ವಿಡಿಯೋ ಕಳಿಸಿದಳು. ಇಳಿಜಾರಿನಿಂದ ನೀರು ತೆಳ್ಳಗೆ ಜಾರಿ ಕಾಲುವೆಗೆ ಬೀಳುತ್ತಿತ್ತು, ಅಂಗಳದ ನೀರೂ ಆ ಕಡೆಯಿಂದ ಬಂದು ಅದರಲ್ಲೇ ಸೇರಿ ಹೋಗುತ್ತಿತ್ತು. ಕೊನೆಗೆ ಫೋನನ್ನು ಹೊಸ್ತಿಲಿಗೆ ತಿರುಗಿಸಿ, ಒಣ ಕೈಯಿಂದ ಅದನ್ನು ಒರೆಸಿ ಕೈ ತೋರಿಸಿದಳು. ಒಂದು ಹನಿ ಇಲ್ಲ. ಆ ವಿಡಿಯೋ ಎಷ್ಟು ಸಲ ನೋಡಿದೆನೋ. ನೀರು ಒಳಗೆ ಹೋಗಲಿಲ್ಲ ಅನ್ನುವ ಹೆಮ್ಮೆ ಇತ್ತು. ನಾನೂ ಇನ್ನು ಒಳಗೆ ಹೋಗುವಂತಿಲ್ಲ ಅನ್ನುವ ಸಂಕಟವೂ ಅಷ್ಟೇ ಇತ್ತು. ಮತ್ತೆ ಶುಕ್ರವಾರ, ಮತ್ತೆ ಗೇಟು, ಮತ್ತೆ ಹತ್ತು ನಿಮಿಷ. ಒಳಗೆ ಕೂತು ಉಂಡ ಮೇಲೆ ಹೊರಗೆ ನಿಲ್ಲುವುದು ಮೊದಲಿಗಿಂತ ಕಷ್ಟ, ಅದು ನನಗೆ ಮೊದಲೇ ಹೊಳೆಯಬೇಕಿತ್ತು.

ಚಳಿ ಮುಗಿಯುವ ಹೊತ್ತಿಗೆ ಒಂದು ದಿನ ಮೇಡಂ ಫೋನು ಬಂತು, ಅವರಿಗೆ ಬರುವ ಅರೆಬರೆ ಹಿಂದಿಯಲ್ಲಿ. "ಮಿಸ್ತ್ರಿ, ತೇರಾ ಕಾಂಕ್ರೀಟ್ ಟೂಟ್ ಗಯಾ. ಯಲ್ಲಾ, ಜುಮ್ಮಾ ದಿನ ಬಾ."

ನನ್ನ ತಲೆ ಕೆಟ್ಟುಹೋಯಿತು. ಒಡೆಯುವುದೆಂದರೇನು? ನನ್ನದು? ಯಾರೋ ಕಾರು ಹತ್ತಿಸಿರಬೇಕು, ಗ್ಯಾಸ್ ಸಿಲಿಂಡರು ಎತ್ತಿ ಹಾಕಿರಬೇಕು. ಯಾರು ಅಂತ ಕೇಳಿಯೇ ಬಿಡುವುದು, ಮೇಡಂ ಎದುರೇ ಕೇಳುವುದು ಅಂತ ಬಸ್ಸಿನುದ್ದಕ್ಕೂ ಹಲ್ಲು ಕಡಿದುಕೊಂಡು ಹೋದೆ.

ಒಡೆದದ್ದು ಎಡಗಡೆಯ ಮೂಲೆ, ಒಂದು ಅಂಗೈ ಅಗಲ. ಕೂತು ನೋಡಿದೆ. ತಾನಾಗಿ ಸೀಳಿದ ಬಿರುಕಲ್ಲ ಅದು. ಒಂದರ ಪಕ್ಕ ಒಂದು, ದುಂಡಗೆ, ಚಿಕ್ಕ ಚಿಕ್ಕ ಗುಳಿಗಳು. ಹತ್ತು ಇಪ್ಪತ್ತಲ್ಲ, ಬಹಳ ಪೆಟ್ಟು ತಿಂದ ಮೇಲೆಯೇ ನನ್ನ ಕಾಂಕ್ರೀಟು ಸೋತಿತ್ತು. ಅಡುಗೆಮನೆಯ ಕಿಟಕಿಯಲ್ಲಿ ಏಲಕ್ಕಿ ಕುಟ್ಟುವ ಕಬ್ಬಿಣದ ಕುಟ್ಟಾಣಿ ಕಾಣುತ್ತಿತ್ತು. ಅದರ ತುದಿ ಅಷ್ಟೇ ದುಂಡಗೆ. ಹೆಂಡತಿ ಮೇಡಂ ಹಿಂದೆ ನಿಂತಿದ್ದಳು. ನಾನು ಅವಳ ಬಲಗೈ ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ಗುಳ್ಳೆ ಎದ್ದು ಒಡೆದಿತ್ತು. ಸುತ್ತಿಗೆ ಹಿಡಿದು ಅಭ್ಯಾಸವಿಲ್ಲದವರಿಗೆ ಏಳುವ ಗುಳ್ಳೆ ಅದು. ಎಷ್ಟು ಸಾವಿರ ಕೈಗಳಲ್ಲಿ ನೋಡಿದ್ದೇನೆ.

"ಮೂ ಜೇನ್," ಅಂದರು ಮೇಡಂ, ಚೆನ್ನಾಗಿಲ್ಲ, ನಿನ್ನ ಕೆಲಸ ಚೆನ್ನಾಗಿಲ್ಲ ಅಂತ ಕೈ ತಿರುಗಿಸಿದರು. ಬದುಕಿನಲ್ಲಿ ಯಾರೂ ನನಗೆ ಅನ್ನದಿದ್ದ ಮಾತು.

"ಹೌದು ಮೇಡಂ," ಅಂದೆ. "ನನ್ನದೇ ತಪ್ಪು. ಸಿಮೆಂಟು ಕಡಿಮೆ ಮಾಡಿದೆ. ಸರಿ ಮಾಡಲು ಎರಡು ಶುಕ್ರವಾರ ಬೇಕು. ಆಮೇಲೆ ಏಳು ದಿನ ನೀರು."

ಅವಳು ಅದನ್ನು ಅರಬಿಗೆ ತಿರುಗಿಸಿದಳು.

ಗೆಳೆಯ ಬ್ಯಾರಿ ಒಂದು ಚೀಲ ಸಿಮೆಂಟು ತಂದು ಇಳಿಸಿ, ಮೂಲೆ ನೋಡಿ, "ಯಾ ಅಲ್ಲಾ, ನಿನ್ನದೂ ಒಡೀತಾ ಭಾಯಿ! ಶುವೈಖ್‌ನಲ್ಲಿ ಹೇಳಿದ್ರೆ ಯಾರು ನಂಬ್ತಾರೆ?" ಅಂದ. ಶುವೈಖಿನಲ್ಲಿ ಹೇಳಿದ, ಎಲ್ಲರೂ ನಂಬಿದರು. ಇವತ್ತಿಗೂ ಚಹಾದ ಅಂಗಡಿಯಲ್ಲಿ ನನ್ನನ್ನು ಕಂಡರೆ ಯಾರಾದರೊಬ್ಬ, "ಸಲ್ವಾದ ಮೂಲೆ ಹೇಗುಂಟು?" ಅಂತ ಕೆಣಕುತ್ತಾನೆ. ನಾನು ಬಾಯಿ ಬಿಟ್ಟಿಲ್ಲ.

ಅವಳು ಊರಿಗೆ ಹೋಗಿ ಈಗ ಎರಡು ವರ್ಷವಾಯಿತು. ಮದುವೆಯಾದ ಮಗಳ ಬಾಣಂತನಕ್ಕೆಂದು ಹೋದವಳ ವೀಸಾ ಅಲ್ಲಿಗೇ ಮುಗಿಯಿತು, ಮತ್ತೆ ಬರಲಿಲ್ಲ. ನಾನು ಇನ್ನೂ ಇಲ್ಲೇ ಇದ್ದೇನೆ. ಈ ವರ್ಷ, ಬರುವ ವರ್ಷ ಅಂತ ತಳ್ಳುತ್ತಾ ಇದ್ದೇನೆ. ಶುಕ್ರವಾರ ಪೂಜೆ ಮುಗಿಸಿ ಮಿರ್ಕಾಬಿಗೆ ಬಂದರೆ ಕಾಲು ತಾನಾಗಿ ಸಲ್ವಾದ ಬಸ್ಸಿನ ಕಡೆ ಹೋಗುತ್ತದೆ. ಈಗ ಆ ಕೋಣೆಯಲ್ಲಿ ಬೇರೆ ಯಾರೋ ಮಲಗುತ್ತಾರೆ. ನೆಲ ಒಣಗಿರುತ್ತದೆ ಅನ್ನುವುದು ಮಾತ್ರ ನನಗೆ ಖಂಡಿತ ಗೊತ್ತು.

ಹೋದ ವಾರ ಫೋನಿನಲ್ಲಿ ಮೊಮ್ಮಗನ ಹಲ್ಲು, ಬಾವಿಯ ಪಂಪು, ಅದು ಇದು ಎಲ್ಲ ಹೇಳಿದಳು ಅವಳು. ಆಮೇಲೆ, "ಸೌದೆ ಕೊಟ್ಟಿಗೆಯ ಎದುರಿನ ಇಳಿಜಾರು ಒಡೆದಿದೆ" ಅಂದಳು.

"ಯಾವ ಕಡೆ?"

"ಎಡಗಡೆ ಮೂಲೆ."

"ಕೈಗೆ ಎಣ್ಣೆ ಹಚ್ಚಿದ್ಯಾ?" ಅಂತ ಕೇಳಿದೆ.

"ಹಚ್ಚಿದೆ," ಅಂದಳು. "ನೀವು ಬಂದು ಸರಿ ಮಾಡಿ. ಎಷ್ಟು ನಿಧಾನ ಮಾಡಿದ್ರೂ ಈ ಸಲ ನಾನು ಬೈಯುದಿಲ್ಲ."